ಬಾಯಿಗೆ ನೀರು ಬಿಡುವವರ ನಡುವೆ

ನಿವೃತ್ತಿಯಾದ ಮೇಲೆ ಒಂದು ನರ್ಸಿಂಗ್ ಶಾಲೆಯವರು ನನ್ನನ್ನು ಕರೆದು, ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ತೆಂಗಿನಕಾಯಿ ಕೊಟ್ಟು, ಸಾಯುವವರ ಸೇವೆಯಲ್ಲಿ ಕರುಣೆ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಿ ಎಂದರು. ನಾನು ಚಮಚದಿಂದ ಶುರು ಮಾಡಿದೆ. ಹುಡುಗಿಯರು ನಕ್ಕರು. ಪ್ರಾಚಾರ್ಯರು ಗಡಿಯಾರ ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅತಿಥಿಯೊಬ್ಬರು, ಕರುಣೆಗೆ ಬನ್ನಿ ಎಂಬಂತೆ ಕೈಸನ್ನೆ ಮಾಡಿದರು. ನನಗೆ ಸಿಟ್ಟು ಬಂತು. ನಾನು ಕರುಣೆಯ ವಿಷಯವನ್ನೇ ಹೇಳುತ್ತಿದ್ದೆ, ಅವರಿಗೆ ಅದು ತಿಳಿಯಲಿಲ್ಲ ಅಷ್ಟೇ. ಹಾರ ಬಾಡುವ ಮೊದಲೇ ಮಾತು ಮುಗಿಸಿ ಬಸ್ ಹತ್ತಿದೆ. ಅಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಗಡಿಯಾರ ನೋಡುವಂತಿಲ್ಲ.

ನಾನು ಹುಟ್ಟಿದ್ದು ಆಳಂದದ ಕಡೆ, ಕೊಟ್ಟದ್ದು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾಕ್ಕೆ. ಮರಾಠಿಯನ್ನು ಪುಸ್ತಕದಿಂದ ಕಲಿತವಳಲ್ಲ, ವಾರ್ಡಿನಲ್ಲಿ ಬೈಸಿಕೊಂಡು ಕಲಿತವಳು. ಉಮರ್ಗಾ, ಆಮೇಲೆ ಉದಗೀರ, ಕೊನೆಗೆ ನಿಲಂಗಾ, ಹೀಗೆ ಗಡಿಯ ಮೇಲೇ ನನ್ನ ನೌಕರಿ ಮುಗಿಯಿತು. ನಮ್ಮ ರೋಗಿಗಳು ಡಾಕ್ಟರು ಬಂದರೆ ಮರಾಠಿ ಮಾತಾಡುತ್ತಿದ್ದರು, ನೋವು ಬಂದರೆ ಕನ್ನಡದಲ್ಲಿ ಅಳುತ್ತಿದ್ದರು. ಹಾಗಾಗಿ ಡಾಕ್ಟರಿಗೆ ರೋಗ ಗೊತ್ತಾಗುತ್ತಿತ್ತು, ನನಗೆ ನೋವು. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾಕೆ ತಡವಾಯಿತು ಎಂಬ ರಾಮಾಯಣ ಇಲ್ಲಿ ಬೇಡ.

ನೌಕರಿಯ ಉದ್ದಕ್ಕೂ ನಾನು ಅತಿ ಹೆಚ್ಚು ಜಗಳ ಆಡಿದ್ದು ಚಮಚದ ಜೊತೆಗೆ. ಸಾಯುವವರ ಬಾಯಿಗೆ ತಮ್ಮವರ ಕೈಯಿಂದ ನೀರು ಬೀಳಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಪದ್ಧತಿ ಒಬ್ಬರಿಗೆ ಮುಗಿಯುವುದಿಲ್ಲ. ಮಗ ಬಿಟ್ಟರೆ ಮಗಳು, ಮಗಳು ಬಿಟ್ಟರೆ ಬೀಗರು, ಬೀಗರು ಬಿಟ್ಟ ಮೇಲೆ ನಾವೇನು ಬೇರೆಯವರಾ ಎಂದು ನೆರೆಮನೆಯವರು.

ಉಮರ್ಗಾದಲ್ಲಿದ್ದಾಗ ತುರೋರಿಯ ಒಬ್ಬ ಮುದುಕರು ಬಂದಿದ್ದರು. ಹೆದ್ದಾರಿಯ ಬದಿಗೆ ಚಹಾದ ಅಂಗಡಿ ಇಟ್ಟವರು, ಲಕ್ವಾ ಹೊಡೆದು ನುಂಗುವ ಶಕ್ತಿ ಹೋಗಿತ್ತು. ಅವರ ಚಹಾ ಕುಡಿದವರೆಲ್ಲ ನೀರು ಬಿಡಲು ಬಂದರೋ ಏನೋ, ಪ್ರತಿ ಬಸ್ಸಿಗೂ ಒಂದು ಗುಂಪು ಇಳಿಯುತ್ತಿತ್ತು. ಒಬ್ಬನ ಕೈಯಲ್ಲಿ ಎಳನೀರು, ಇನ್ನೊಬ್ಬಳ ಸೆರಗಿನಲ್ಲಿ ತೀರ್ಥದ ಬಾಟಲಿ. ಒಂದು ಚಮಚ ಬಿಟ್ಟರೆ ಸಾಕು, ನೀರು ಹೊಟ್ಟೆಗೆ ಹೋಗದೆ ಶ್ವಾಸಕ್ಕೆ ಹೋಗಿ ಮುದುಕರಿಗೆ ಕೆಮ್ಮು ಹತ್ತುತ್ತಿತ್ತು, ಮುಖ ನೀಲಿಗಟ್ಟುತ್ತಿತ್ತು. ಬಿಟ್ಟವರಿಗೆ ಅದೇ ಸಂತೋಷ.

"ನೋಡ್ರಿ ಸಿಸ್ಟರ್, ಕುಡದ! ನನ್ನ ಗುರ್ತ ಹಿಡದ ಕುಡದ!"

"ಕುಡದಿಲ್ಲಪ್ಪ, ಉಸುರ ಕಟ್ಟ್ಯಾದ ಅವರಿಗಿ. ಸರೀ ಹಿಂದಕ್ಕ," ಎಂದು ನಾನು ಗಂಟಲಿಗೆ ಪೈಪು ಹಾಕಿ ನೀರು ಎಳೆಯಬೇಕು. ಅದನ್ನು ಎಳೆದು ತಿರುಗುವಷ್ಟರಲ್ಲಿ ಮುಂದಿನ ಬಸ್ ಬಂದಿರುತ್ತಿತ್ತು. ಬೇಡ ಎಂದರೆ ಜಗಳ. ಯಾವ ಧರ್ಮದವಳು ನೀ ಎಂದು ಒಬ್ಬ ಕೇಳಿಯೂ ಕೇಳಿದ.

ಕಡೆಗೆ ನಾನೊಂದು ಉಪಾಯ ಕಲಿತೆ. ಬಂದವರಿಗೆ ಬೇಡ ಎನ್ನುವುದನ್ನೇ ಬಿಟ್ಟೆ. "ಕೈ ತೊಳಕೊಂಡ್ ಬಾ" ಎನ್ನುತ್ತಿದ್ದೆ. ಇದಕ್ಕೆ ಯಾರೂ ಎದುರು ಮಾತಾಡುವುದಿಲ್ಲ. ನಳ ಇದ್ದದ್ದು ವರಾಂಡದ ಆ ತುದಿಗೆ. ಅಲ್ಲಿಗೆ ಹೋಗುವಾಗ ಅರ್ಧ ಮಂದಿಗೆ ಪರಿಚಯದವರು ಸಿಗುತ್ತಿದ್ದರು, ಚಹಾ ಆಗುತ್ತಿತ್ತು, ಬಸ್ಸಿನ ಹೊತ್ತಾಗುತ್ತಿತ್ತು. ಉಳಿದವರು ಬಂದಾಗ ಜರಾ ತಣ್ಣಗಾಗಿರುತ್ತಿದ್ದರು. ಹುಡುಗಿಯರೇ, ನಿಮ್ಮ ಪುಸ್ತಕದಲ್ಲಿ ಇದು ಇಲ್ಲ, ಬರೆದಿಟ್ಟುಕೊಳ್ಳಿ.

ಚಮಚ ಒಂದೇ ಆಗಿದ್ದರೆ ಸಹಿಸಬಹುದಿತ್ತು. ರೋಗಿಯ ತಲೆಯ ಹತ್ತಿರವೇ ನಿಂತು "ಎಷ್ಟ ತಾಸ ಅದ ರೀ ಇನ್ನ? ಹೊಲದಾಗ ಆಳು ಬಂದಾರ" ಎಂದು ಕೇಳುವವರಿದ್ದರು. ಕೈಕಾಲು ಊದಿ ನೀರು ತುಂಬಿದವರಿಗೂ "ಒಂದ್ ಸಲಾಯಿನ್ ಹಚ್ಚ್ರಿ, ಏನೂ ಮಾಡಲಿಲ್ಲ ಅನ್ನಂಗ ಆಗಬಾರ್ದು" ಎಂದು ಕಾಲು ಹಿಡಿಯುವವರಿದ್ದರು. ಈಗಿನ ಕಾಲಕ್ಕೆ ಮೊಬೈಲ್ ಬಂದಿದೆ. ಪುಣೆಯಲ್ಲಿರುವ ಅಳಿಯನಿಗೆ ಮುಖ ತೋರಿಸಲು ಫೋನನ್ನು ರೋಗಿಯ ಮೂಗಿಗೇ ಒತ್ತಿ, "ಹಲೋ ಅನ್ನ ಆಯಿ, ಹಲೋ ಅನ್ನ" ಎಂದು ಕೂಗುತ್ತಾರೆ. ಆಯಿಗೆ ಉಸಿರಾಡುವುದೇ ಕಷ್ಟ, ಹಲೋ ಎಲ್ಲಿಂದ ತರಬೇಕು? ಪ್ರೀತಿ ಇಲ್ಲದವರು ಕೊಡುವ ತೊಂದರೆಗೆ ಮದ್ದಿದೆ, ಬೈದು ಕಳಿಸಬಹುದು. ಪ್ರೀತಿ ಇದ್ದವರು ಕೊಡುವ ತೊಂದರೆಗೆ ನನ್ನ ಕೈಯಲ್ಲಿ ಮದ್ದಿರಲಿಲ್ಲ.

ಉದಗೀರಕ್ಕೆ ವರ್ಗವಾದಾಗ ನಮ್ಮ ಕೆಲವರನ್ನು ಒಂದು ತರಬೇತಿಗೆ ಕಳಿಸಿದರು. ಪಾಲಿಯೇಟಿವ್ ಕೇರ್ ಎಂಬ ಹೆಸರು ಆಗ ಮೊದಲ ಸಲ ಕೇಳಿದ್ದು. ಗುಣವಾಗದವರನ್ನು ಗುಣಪಡಿಸಲು ಒದ್ದಾಡದೆ, ಇರುವಷ್ಟು ದಿನ ನೋವಿಲ್ಲದೆ ಇಡುವುದು ಎಂದು ಅದರ ಅರ್ಥ. ಕಲಿಸಲು ಬಂದ ಡಾಕ್ಟರು ಒಬ್ಬ ಹೆಣ್ಣುಮಗಳು, ಮೆಲ್ಲಗೆ ಮಾತಾಡುವವರು. ಅವರು ಹೇಳಿದ ಎರಡು ಮಾತು ನನ್ನ ಕೆಲಸವನ್ನೇ ಬದಲಿಸಿದವು. ಒಂದು, ಹಾಸಿಗೆಯ ಪಕ್ಕ ಕೂತು ಮಾತಾಡಿ, ನಿಂತು ಮಾತಾಡಬೇಡಿ. ನಮ್ಮ ಕಾಲದಲ್ಲಿ ವಾರ್ಡಿನಲ್ಲಿ ಕೂತ ನರ್ಸ್ ಎಂದರೆ ಮೈಗಳ್ಳ ನರ್ಸ್, ಕೂರು ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಇನ್ನೊಂದು, ಸಾಯುವವರ ನೀರಡಿಕೆ ಹೊಟ್ಟೆಯಲ್ಲಿ ಇರುವುದಿಲ್ಲ, ಬಾಯಿಯಲ್ಲಿರುತ್ತದೆ. ಲೋಟದ ನೀರು ಬೇಡ. ಶುಭ್ರ ಬಟ್ಟೆಯ ತುಣುಕು ಬೆರಳಿಗೆ ಸುತ್ತಿ, ಅದ್ದಿ, ಹಿಂಡಿ, ತುಟಿ ನಾಲಿಗೆ ಒರೆಸುತ್ತಿರಿ, ತಾಸಿಗೊಮ್ಮೆಯಾದರೂ.

ಇಷ್ಟೇನಾ ಎನಿಸಿತು. ಇಷ್ಟು ಸಣ್ಣ ಕೆಲಸವನ್ನು ಇಷ್ಟು ವರ್ಷ ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಮೈಯೆಲ್ಲ ಉರಿಯಿತು. ಚಮಚದ ಯುದ್ಧ ಇನ್ನು ಮುಗಿಯಿತು, ಬಂದವರ ಕೈಗೆಲ್ಲ ಒದ್ದೆ ಬಟ್ಟೆ ಕೊಟ್ಟರಾಯಿತು ಎಂದು ಖುಷಿಯಿಂದ ಕೊನೆಯ ವರ್ಗಾವಣೆಗೆ ನಿಲಂಗಾಕ್ಕೆ ಹೋದೆ. ಆ ಬಟ್ಟೆಯ ತುಣುಕೇ ನನಗೆ ಎಂಥ ಗತಿ ತಂದಿತು ಎಂಬುದೇ ಮುಂದಿನ ಕಥೆ.

ಅಲ್ಲಿ ನಮ್ಮ ಮೇಟ್ರನ್ ಒಬ್ಬ ಮರಾಠಿ ಹೆಂಗಸು, ಅಲ್ಲಿಯ ರೂಢಿಯಂತೆ ಎಲ್ಲರಿಗೂ "ಬಾಯಿ". ಕೆಟ್ಟವರಲ್ಲ, ಆದರೆ ಬೋರ್ಡುಗಳ ಮೇಲೆ ಅಪಾರ ನಂಬಿಕೆ. ಚಪ್ಪಲಿಗೆ ಒಂದು ಬೋರ್ಡು, ಉಗುಳುವುದಕ್ಕೆ ಒಂದು ಬೋರ್ಡು. ನಾನು ಹಾಸಿಗೆಯ ಪಕ್ಕ ಸ್ಟೂಲ್ ಇಟ್ಟುಕೊಂಡು ಕೂತರೆ, ನಾನು ಎದ್ದ ಕೂಡಲೇ ಸ್ಟೂಲ್ ಮಾಯ. ಮತ್ತೆ ತರುತ್ತಿದ್ದೆ, ಮತ್ತೆ ಒಯ್ಯುತ್ತಿದ್ದರು. ಇಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಲ್ಲಿಗೆ ನೀಲಮ್ಮ ಬಂದಳು. ಹೆಸರು ಬದಲಿಸಿದ್ದೇನೆ. ಔರಾದ ಶಹಾಜನಿಯ ಹತ್ತಿರದ ಹಳ್ಳಿಯವಳು, ಹೊಲಮನೆ ಗಟ್ಟಿಯಿದ್ದ ಲಿಂಗವಂತರ ಮನೆ. ಅನ್ನನಾಳದ ಕ್ಯಾನ್ಸರ್, ಒಂದು ನಳಿಕೆ ಹೋಗುವಷ್ಟೇ ದಾರಿ ಉಳಿದಿತ್ತು. ಮೂಗಿನಿಂದ ಹಾಕಿದ ನಳಿಕೆಯಲ್ಲಿ ಅಂಬಲಿ, ನೋವಿನ ಔಷಧ. ನುಂಗಲು ಆಗದಿದ್ದರೂ ಮಾತು ಚುರುಕು, ಕಣ್ಣು ಇನ್ನೂ ಚುರುಕು. ಜೊತೆಗೆ ಒಬ್ಬನೇ ಮಗ ಶಿವರಾಜ, ಸೊಸೆ ಮಹಾದೇವಿ. ಮಗ ಊರಿಗೂ ದವಾಖಾನೆಗೂ ಜೀಪು ಓಡಿಸುತ್ತಿದ್ದ. ಮೈ ಒರೆಸುವುದು, ಸೀರೆ ಬದಲಿಸುವುದು, ಉಗುಳಿನ ಬಟ್ಟಲು ತೊಳೆಯುವುದು ಎಲ್ಲ ಸೊಸೆ. ಆಕೆ ಮಾತಾಡಿದ್ದನ್ನು ಮೊದಲ ವಾರ ನಾನು ಕೇಳಲೇ ಇಲ್ಲ.

ಬಂದ ಮರುದಿನ ನೀಲಮ್ಮನ ಬಾಯಿ ನೋಡಿದೆ. ತುಟಿ ಸಿಪ್ಪೆ ಎದ್ದಿತ್ತು. ಬಟ್ಟೆ ಅದ್ದಿ, ಹಿಂಡಿ, ನಾಲಿಗೆ ಒರೆಸಿದೆ. ಆಕೆ ಕಣ್ಣು ಮುಚ್ಚಿ, "ಇನ್ನೊಮ್ಮಿ ಮಾಡು ಯವ್ವಾ," ಎಂದಳು. ಮಾಡಿದೆ. ಆಗಲೇ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಶಿವರಾಜ ಅಲ್ಲೇ ನಿಂತುಬಿಟ್ಟ.

"ಸಿಸ್ಟರ್! ಅವ್ವನ ಬಾಯಿಗಿ ನೀರ ಬಿಟ್ರೇನ್ರಿ?"

"ಬಾಯಿ ಒಣಗಿತ್ತಪ್ಪ. ಒರಿಸಿದೆ," ಎಂದೆ. ಅವನ ಕಿವಿಗೆ ಅದು ಬೀಳಲೇ ಇಲ್ಲ. ಡಬ್ಬಿ ಅಲ್ಲೇ ಬಿಟ್ಟು, ಫೋನ್ ಕಿವಿಗಿಟ್ಟುಕೊಂಡು ಅಳುತ್ತ ಹೊರಗೆ ಓಡಿದ.

ದವಾಖಾನೆಯವರೇ ಬಾಯಿಗೆ ನೀರು ಬಿಟ್ಟರು ಎಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಸಂಜೆಯೊಳಗೆ ಜೀಪುಗಳು ಬಂದವು. ಮಾಕಣಿಯಿಂದ ಆಕೆಯ ತವರಿನವರು ಬಂದರು. ಮಠದಿಂದ ಅಯ್ಯನವರು ಬಂದರು. ಹೆಂಗಸರು ಮೆಟ್ಟಿಲಿನಿಂದಲೇ ಅಳು ತೆಗೆದರು. ವಾರ್ಡಿನ ಒಳಗೆ ನೋಡಿದರೆ ನೀಲಮ್ಮ ದಿಂಬಿಗೆ ಒರಗಿ ಕೂತಿದ್ದಾಳೆ.

"ಇಷ್ಟ ಮಂದಿ ಯಾಕ ಬಂದಾರ? ಯಾರ್ ಹೋದ್ರು?" ಎಂದಳು.

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಊರಲ್ಲಿ ಭಾವಮೈದುನರು ಹೊಲದಲ್ಲಿ ಕುಣಿ ತೋಡಿ ಮುಗಿಸಿದ್ದರು, ಲಿಂಗವಂತರ ಪದ್ಧತಿಯಂತೆ ಹೆಣ ಕೂರಿಸಲು ಒಳಗೆ ಮೆಟ್ಟಿಲು ಸಹಿತ. ತೋಡಿದ ಕುಣಿಯನ್ನು ಖಾಲಿ ಮುಚ್ಚುವಂತಿಲ್ಲ ಎಂಬುದು ಇನ್ನೊಂದು ಪದ್ಧತಿ. ಕಡೆಗೆ ಅದರಲ್ಲಿ ಒಂದು ಕುಂಬಳಕಾಯಿ ಇಟ್ಟು, ವಿಭೂತಿ ಹಚ್ಚಿ, ಮಣ್ಣು ಎಳೆದರಂತೆ. ಈ ಸುದ್ದಿ ನೀಲಮ್ಮನಿಗೂ ಮುಟ್ಟಿತು. ಮಹಾದೇವಿ ಬಟ್ಟಲು ತೊಳೆದು ಬಂದಾಗಲೆಲ್ಲ ನೀಲಮ್ಮ ಆಕೆಯನ್ನು ಕೇಳುತ್ತಿದ್ದಳು:

"ಕುಂಬಳಕಾಯಿ ಎಷ್ಟ ದೊಡ್ಡದಿತ್ತ? ನನ್ನಷ್ಟ ಇತ್ತೇನ?"

ಆಗ ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ಮೊದಲ ಸಲ ನೋಡಿದೆ.

ನಗು ಅಲ್ಲಿಗೆ ಮುಗಿಯಿತು. ಊರೆಲ್ಲ ಆಡಿಕೊಂಡದ್ದರಿಂದ ಶಿವರಾಜನಿಗೆ ಮುಖ ಎತ್ತಲು ಆಗಲಿಲ್ಲ. ಇನ್ನು ಕೊನೆಯ ಹೊತ್ತಿನವರೆಗೆ ಅವ್ವನ ಬಾಯಿಗೆ ಯಾರೂ ನೀರು ತಾಗಿಸಕೂಡದು, ಆ ಹೊತ್ತು ಬಂದಾಗ ತಾನೇ ಬಿಡುತ್ತೇನೆ ಎಂದು ಹಟ ಹಿಡಿದ. ಮೇಟ್ರನ್ ಬಾಯಿ ಅವನ ಪಕ್ಷ. ದೂರು ಬರಬಾರದಲ್ಲ! ಮಂಚದ ತಲೆಗೆ ಬೋರ್ಡು ಬಂತು: "ತೋಂಡಾವಾಟೆ ಕಾಹೀಹೀ ದೇವೂ ನಯೇ." ಬಾಯಿಯ ಮೂಲಕ ಏನೂ ಕೊಡಬಾರದು ಎಂದು ಅರ್ಥ. ನುಂಗಲು ಕೊಡಬಾರದು ಎಂದರೆ ತುಟಿ ಒದ್ದೆ ಮಾಡಬಾರದು ಎಂದಲ್ಲ ಎಂದು ನಾನು ಗಂಟಲು ಹರಿದುಕೊಂಡೆ. "ಬೋರ್ಡ್ ವಾಚಾ," ಓದಿರಿ ಎಂದು ಅವರು ಹೋದರು.

ಎರಡೇ ದಿನದಲ್ಲಿ ನೀಲಮ್ಮನ ನಾಲಿಗೆ ಬಿರಿಯಿತು. ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸಪ್ಪಳ ಕೇಳುತ್ತಿತ್ತು. ಹೊಟ್ಟೆಗೆ ನಳಿಕೆಯಿಂದ ನೀರು ಹೋಗುತ್ತಿತ್ತು, ಬಾಯಿಗೆ ಮಾತ್ರ ಹನಿ ಇಲ್ಲ. ನಾನು ಶಿವರಾಜನನ್ನು ವರಾಂಡಕ್ಕೆ ಕರೆದು ಬೈದೆ. ನೀನೇ ಒರೆಸು, ನಿನ್ನ ಕೈಯಿಂದಲೇ ಆಗಲಿ ಎಂದೆ. ಗಟ್ಟಿಮುಟ್ಟಾದ ಆಳು, ಗೋಡೆಗೆ ಹಣೆ ಹಚ್ಚಿ ನಿಂತ.

"ನಮ್ಮಪ್ಪ ಹೋದಾಗ ನಾ ಸೋಲಾಪುರದಾಗಿದ್ದೆ ರೀ ಸಿಸ್ಟರ್. ಅವಗ ನನ್ನ ಕೈ ನೀರ ಸಿಗಲಿಲ್ಲ. ಈಗ ನಾ ದಿನಾ ಬಿಟ್ಟರ, ಹೋಗು ಅಂತ ನಾನೇ ಅಂದಂಗ ಆಗ್ತದ. ನನ್ನ ಕೈಲೆ ಆಗಲ್ಲ ರೀ."

ಏನು ಹೇಳಬೇಕು ಇಂಥವನಿಗೆ? ಒಳಗೆ ಬಂದು ಸ್ಟೂಲ್ ಎಳೆದುಕೊಂಡು ಕೂತೆ. ನೀಲಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ಕೊನೀ ನೀರಿನ ಸಲುವಾಗಿ ನನ್ನ ಇವತ್ತಿನ ನೀರ ಯಾಕ ಬಂದ್ ಮಾಡ್ಯಾರ?" ಎಂದಳು.

ಉತ್ತರವೂ ಆಕೆಯ ಹತ್ತಿರವೇ ಇತ್ತು. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, ಸೊಸೆಯನ್ನು ಕರೆದಳು.

"ಮಾದೇವಿ, ಪೂಜಾಕ್ಕ ನೀರ ತಾ."

ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ನೀರೆರೆದಳು. ಆ ನೀರಿನಲ್ಲಿ ಬೆರಳದ್ದಿ ತೀರ್ಥವೆಂದು ತುಟಿಗೆ ಹಚ್ಚಿಕೊಂಡಳು, ನಾಲಿಗೆಗೆ ಹಚ್ಚಿಕೊಂಡಳು, ಒಸಡಿನ ಸುತ್ತ ಬೆರಳಾಡಿಸಿದಳು. ಬಾಗಿಲಲ್ಲಿದ್ದ ಶಿವರಾಜ ಚಪ್ಪಲಿ ಬಿಟ್ಟು ಕೈಮುಗಿದು ನಿಂತ. ಲಿಂಗಪೂಜೆಯ ನೀರು ಕೊನೆಯ ನೀರು ಹೇಗಾದೀತು? ಅದು ಹುಟ್ಟಿದಾಗಿನಿಂದ ದಿನವೂ ತೆಗೆದುಕೊಂಡದ್ದು. ನೀಲಮ್ಮ ನನ್ನ ಕಡೆ ತಿರುಗಿ ಒಂದು ಕಣ್ಣು ಸಣ್ಣಗೆ ಮಾಡಿದಳು.

ಅಂದಿನಿಂದ ಬೆಳಿಗ್ಗೆ ಪೂಜೆ, ಅಂಬಲಿಯ ಮುಂಚೆ ಪೂಜೆ, ಔಷಧದ ನಂತರ ಪೂಜೆ, ಸಂಜೆ ಪೂಜೆ, ಸೆಕೆಯಾದರೆ ಪೂಜೆ. "ಅವ್ವಗ ಭಕ್ತಿ ಭಾಳ ಹೆಚ್ಚಾಗ್ಯಾದ ರೀ," ಎಂದು ಶಿವರಾಜ ಎಲ್ಲರಿಗೂ ಹೇಳುತ್ತಿದ್ದ. ಮೇಟ್ರನ್ ಬಾಯಿ ಒಂದು ದಿನ ನೋಡಿ, "ಹೇ ಕಾಯ್?" ಇದೇನು ಎಂದು ಗದರಿದರು. "ತೀರ್ಥ ಆಹೇ, ಬಾಯಿ. ಪೂಜಾ," ಎಂದೆ. ಅವರು ಬೋರ್ಡು ನೋಡಿದರು, ಲಿಂಗ ನೋಡಿದರು, ಮೆಲ್ಲಗೆ ಕೈಮುಗಿದು ಹೋದರು. ಜೀವಮಾನವಿಡೀ ತೀರ್ಥದ ಬಾಟಲಿ ಕಸಿದುಕೊಂಡವಳು ನಾನು, ಈಗ ತೀರ್ಥದ ಹಿಂದೆ ಅಡಗಿ ನಿಂತಿದ್ದೆ. ಆದರೆ ನೀಲಮ್ಮನ ನಾಲಿಗೆ ಮೆತ್ತಗಾಯಿತು. ಸ್ಟೂಲ್ ಕೂಡ ಅಂದಿನಿಂದ ಅಲ್ಲೇ ಉಳಿಯಿತು. ಅದನ್ನು ಬಿಟ್ಟುಕೊಟ್ಟವರು ಮೇಟ್ರನ್ ಬಾಯಿಯೇ.

ಆಮೇಲೆ ಆಕೆಯ ಕೈ ಸೋತಿತು. ಒಂದು ಮುಂಜಾನೆ ಅಂಗೈಯಿಂದ ಲಿಂಗ ಜಾರಿತು. ಮಹಾದೇವಿ ಹಾಸಿಗೆಗೆ ಬೀಳಗೊಡದೆ ಹಿಡಿದಳು. ಅಂದಿನಿಂದ ಅತ್ತೆಯ ಅಂಗೈಯ ಕೆಳಗೆ ಸೊಸೆಯ ಅಂಗೈ. ನೀರು ಎರೆದ ಮೇಲೆ, ನಾನು ತೋರಿಸಿದಂತೆ ಬೆರಳಿಗೆ ಬಟ್ಟೆ ಸುತ್ತಿ ಸೊಸೆಯೇ ಬಾಯಿ ಒರೆಸುತ್ತಿದ್ದಳು. ನನಗಿಂತ ಹಗುರ ಕೈ ಅವಳದು. ನನಗೆ ಮಾತ್ರ ಒಳಗೊಳಗೇ ಹೆದರಿಕೆ. ಆ ಹೊತ್ತು ಸೊಸೆಯ ಕೈಯಲ್ಲೇ ಬಂದುಬಿಟ್ಟರೆ? ಮಗ ಬದುಕಿದ್ದೂ ಸೊಸೆ ನೀರು ಬಿಟ್ಟಳು ಎಂದು ಊರು ಜೀವನಪೂರ್ತಿ ಆ ಹುಡುಗಿಯನ್ನು ಚುಚ್ಚುತ್ತದೆ. ಶಿವರಾಜನಂತೂ ಎರಡನೆಯ ಸಲ ತಪ್ಪಿಹೋಯಿತು ಎಂದು ಮೇಲೇಳುವುದಿಲ್ಲ.

ಮಹಾದೇವಿ ನಳದ ಹತ್ತಿರ ಹೋದಾಗ ನೀಲಮ್ಮ ನನ್ನ ಸೆರಗು ಜಗ್ಗಿದಳು. ದನಿ ಬಹಳ ಇಳಿದಿತ್ತು, ಬಗ್ಗಿ ಕೇಳಿಸಿಕೊಂಡೆ.

"ನಾ ಆಕಿ ಕೈದಾಗೇ ಹೋದ್ರ ಚಲೋ. ಮಗಗ ಹೇಳಬ್ಯಾಡ. ಅಂವಾ ಅಳ್ತಾನ."

"ಆತ ಬಿಡವ್ವ," ಎಂದೆ. ಹೇಗೆ ಆಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಆ ದಿನ ಮಧ್ಯಾಹ್ನ. ಬೆಳಗಿನಿಂದಲೇ ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು. ಶಿವರಾಜ ರಾತ್ರಿಯಿಡೀ ಕದಲಿರಲಿಲ್ಲ. ಗೇಟಿನ ಹತ್ತಿರ ಜೀಪು ಅಡ್ಡ ನಿಂತಿದೆ, ತೆಗೆಯಿರಿ ಎಂದು ಯಾರೋ ಕೂಗಿದರು ಎಂದು ಇಳಿದು ಹೋದ. ಅಷ್ಟರಲ್ಲೇ. ಮಹಾದೇವಿ ಬಟ್ಟೆ ಅದ್ದಿ ತುಟಿಗೆ ಹಚ್ಚಿದಳು. ನೀಲಮ್ಮನ ಬಾಯಿ ಆ ಬೆರಳನ್ನು ಹಿಡಿದಂತೆ ಕಂಡಿತು. ಒಂದು ಉಸಿರು ಹೊರಗೆ ಬಂತು. ಇನ್ನೊಂದಕ್ಕೆ ನಾವಿಬ್ಬರೂ ಕಾದೆವು. ಅದು ಬರಲಿಲ್ಲ. ನಾನು ನಾಡಿ ಹಿಡಿದೆ, ಎದೆಗೆ ಕಿವಿಗೊಟ್ಟೆ.

ಮಹಾದೇವಿ ಒದ್ದೆ ಬಟ್ಟೆಯ ಬೆರಳನ್ನು ಹಾಗೇ ಎತ್ತಿ ಹಿಡಿದು, ಏನೋ ಕದ್ದವಳಂತೆ ಬಾಗಿಲ ಕಡೆ ನೋಡುತ್ತಿದ್ದಳು. ತಿಂಗಳುಗಟ್ಟಲೆ ಉಗುಳು ತೊಳೆದವಳು, ಹೇಲು ಉಚ್ಚೆ ತೆಗೆದವಳು, ಒಂದು ಹನಿ ನೀರಿಗಾಗಿ ನಡುಗಬೇಕೆ? ಆ ಕ್ಷಣ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಮೆಟ್ಟಿಲ ಮೇಲೆ ಓಡಿ ಬರುವ ಕಾಲಿನ ಸಪ್ಪಳ ಕೇಳಿತು.

"ಸಿಸ್ಟರ್, ಅವ್ವ ಹ್ಯಾಂಗ ಅದಾಳ್ರೀ?"

ನಾನು ತಿರುಗಿ ನೋಡದೆ ಹೇಳಿದೆ. "ಕೈ ತೊಳಕೊಂಡ್ ಬಾ."

ಆ ಹೊತ್ತು ಬಂತು ಎಂದು ಅವನಿಗೆ ಅರ್ಥವಾಯಿತು. ನಳದ ಕಡೆ ಓಡಿದ. ಮಹಾದೇವಿ ನನ್ನನ್ನೇ ನೋಡಿದಳು. ನಾನು ಬಟ್ಟಲಿನ ಕಡೆ ಕಣ್ಣು ತೋರಿಸಿದೆ. ಹಳೆಯ ಬಟ್ಟೆ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು, ಹೊಸದೊಂದನ್ನು ಅದ್ದಿ ಹಿಂಡಿ, ಗಂಡ ಬಂದಾಗ ಅವನ ಬೆರಳಿಗೆ ತಾನೇ ಸುತ್ತಿದಳು. ಅವನು ಮೊಣಕಾಲೂರಿ ತಾಯಿಯ ತುಟಿಗೆ ಹಚ್ಚಿದ. "ಅವ್ವಾ, ನಾ ಶಿವ್ಯಾ. ನಾ ಇಲ್ಲೇ ಅದೀನಿ," ಎಂದ. ಒಂದು ಹನಿ ತುಟಿಯ ಒಳಗೆ ಇಳಿಯಿತು.

"ಕುಡದಳು ರೀ ಸಿಸ್ಟರ್," ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಈ ಸಲ ನಾನು ಕುಡಿದಿಲ್ಲಪ್ಪ ಎನ್ನಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಡಾಕ್ಟರನ್ನು ಕರೆದೆ. ಜೀಪುಗಳು ಮತ್ತೆ ಬಂದವು, ಮಾಕಣಿಯವರು ಬಂದರು, ಅಯ್ಯನವರು ಬಂದರು. ಕೊನೆಯ ನೀರು ನನ್ನ ಕೈಯದು ಎಂದು ಶಿವರಾಜ ಬಂದವರಿಗೆಲ್ಲ ಹೇಳಿ ಅತ್ತ. ಎಲ್ಲರೂ ಅವನ ಬೆನ್ನು ಸವರಿ ಪುಣ್ಯವಂತ ಎಂದರು. ನನಗೆ ಆ ಗದ್ದಲ ತಡೆಯಲಾಗಲಿಲ್ಲ, ನಳದ ಕಡೆ ಹೋದೆ.

ಮಹಾದೇವಿ ಅಲ್ಲಿ ಒಬ್ಬಳೇ ಬಟ್ಟಲು ತೊಳೆಯುತ್ತಿದ್ದಳು. ಸ್ವಚ್ಛವಾಗಿದ್ದ ಬಟ್ಟಲನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದಳು. ಅದನ್ನು ಕೈಯಿಂದ ತೆಗೆದುಕೊಂಡೆ. ಆಕೆ ತಲೆ ಎತ್ತದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನನ್ನ ಬೆರಳ ಹಿಡದು ಚೀಪಿದ್ಳು ರೀ ಸಿಸ್ಟರ್. ಖರೇನೇ ನೀರಡಿಸಿತ್ತು ಆಕೀಗಿ."